ಫೀನಕ್ಕನ ಕೊಪ್ಪರಿಗೆ

ಹೌಕಿಯೋಕಿಯ ಕೆಂಪು ಬ್ಯಾರಕ್ಕಿನಲ್ಲಿ ಶಾಲೆ ತೆರೆದ ವರ್ಷ ೧೯೦೬. ಸೆಪ್ಟೆಂಬರಿನ ಒಂದು ಗುರುವಾರ, ನಾನು ಅಲ್ಲಿಗೆ ಮೇಷ್ಟರಾಗಿ ಹೋದ ಮೂರನೆಯ ದಿನ, ಫೀನಕ್ಕನನ್ನು ಮೊದಲು ಕಂಡೆ. ಸಿಪಾಯಿಗಳು ಬಿಟ್ಟುಹೋದ ಕಟ್ಟಡ ಅದು. ಗೋಡೆಯುದ್ದಕ್ಕೂ ಬಂದೂಕು ಆನಿಸುವ ಗೂಟಗಳು ಹಾಗೆಯೇ ಇದ್ದವು. ಮಕ್ಕಳು ಅವುಗಳಿಗೆ ತಮ್ಮ ಟೋಪಿ ಸಿಕ್ಕಿಸುತ್ತಿದ್ದರು. ಮಧ್ಯಾಹ್ನ ಅಡುಗೆಮನೆಯ ಕಡೆಯಿಂದ ಬಟಾಣಿ ಸಾರಿನ ಘಮ ಬಂತು. ಎಡಗಾಲನ್ನು ಎಳೆದು ಹಾಕುತ್ತ ಒಬ್ಬ ಹೆಂಗಸು ಪಾತ್ರೆ ಹೊತ್ತು ಬಂದಳು. ಐವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈಕಟ್ಟು, ತುಟಿ ಮಾತ್ರ ಸದಾ ಏನನ್ನೋ ಎಣಿಸುತ್ತಿರುವಂತೆ ಅಲುಗುತ್ತಿತ್ತು.

ಸಾರು ಬಹಳ ರುಚಿಯಾಗಿತ್ತು. ನಾನು ಬಟ್ಟಲನ್ನು ಮತ್ತೆ ಮುಂದೆ ಹಿಡಿದೆ.

"ಇನ್ನೊಂದು ಸೌಟು ಹಾಕ್ತೀರಾ, ಅಕ್ಕ?"

"ಇಲ್ಲ."

"ಮುಗಿದುಹೋಯ್ತಾ?"

"ಮುಗಿದಿದ್ದಲ್ಲ ಮೇಷ್ಟ್ರೇ, ಸರಿಹೋಯ್ತು. ಮಕ್ಕಳು ಇಪ್ಪತ್ತೇಳು, ನೀವೊಬ್ರು, ನಾನೊಬ್ಳು. ಇಪ್ಪತ್ತೊಂಬತ್ತು ಬಟ್ಟಲು. ಮೂವತ್ತನೇದು ಈ ಅಡುಗೆಮನೇಲಿ ಬೇಯಲ್ಲ."

ಒಲೆಯ ಪಕ್ಕದ ಮೂಲೆಯಲ್ಲಿ ಒಂದು ದೊಡ್ಡ ತಾಮ್ರದ ಕೊಪ್ಪರಿಗೆ ಬೋರಲು ಬಿದ್ದಿತ್ತು. ಒಂದು ಕರು ಕೂತು ಸ್ನಾನ ಮಾಡಬಹುದಾದಷ್ಟು ದೊಡ್ಡದು. ಅಷ್ಟು ಚೆನ್ನಾದ ಪಾತ್ರೆ ಇದ್ದೂ ಈ ಸಣ್ಣ ಪಾತ್ರೆಯಲ್ಲಿ ಯಾಕೆ ಒದ್ದಾಡುತ್ತೀರಿ ಎಂದು ನಾನು ಕೇಳಿಬಿಟ್ಟೆ. ಹೊಸಬ, ಏನು ಕೇಳಬಾರದು ಎಂದು ತಿಳಿದಿರಲಿಲ್ಲ. ಫೀನಕ್ಕ ಸೌಟನ್ನು ಒರೆಸಿ ಗೂಟಕ್ಕೆ ತಗುಲಿಸಿ ಒಳಗೆ ಹೋದಳು. ಆ ಪ್ರಶ್ನೆಗೆ ಉತ್ತರ ಸಿಗಲು ನನಗೆ ಎಷ್ಟೋ ವರ್ಷ ಹಿಡಿಯಿತು. ಸ್ವಲ್ಪ ಅವಳೇ ಹೇಳಿದಳು, ಸ್ವಲ್ಪ ಊರು ಹೇಳಿತು.

ಅವಳ ಪೂರ್ತಿ ಹೆಸರು ಸೆರಾಫೀನಾ. ಹುಟ್ಟಿದ್ದು ೧೮೫೮ರಲ್ಲಿ. ಹತ್ತನೆಯ ವಯಸ್ಸಿಗೆ ಆ ಮಹಾ ಹಸಿವಿನ ವರ್ಷ ಬಂತು. ಜೂನ್ ತಿಂಗಳಿನವರೆಗೂ ಕೆರೆಯ ಮೇಲೆ ಹಿಮ ಕರಗಲಿಲ್ಲ. ಸೆಪ್ಟೆಂಬರಿನ ಮೊದಲ ವಾರವೇ ಮಂಜು ಬಿದ್ದು ಪೈರು ಕರಕಲಾಯಿತು. ಅವಳ ಅಮ್ಮ ಪೈನ್ ಮರದ ತೊಗಟೆಯನ್ನು ಬೀಸಿ ರೊಟ್ಟಿ ತಟ್ಟಿದಳು. ಇಬ್ಬರು ತಮ್ಮಂದಿರು, ಒಬ್ಬ ತಂಗಿ, ಮೂವರೂ ಒಂದೇ ಚಳಿಗಾಲದಲ್ಲಿ ಹೋದರು. ಮಣ್ಣು ಕಲ್ಲಿನಂತಾಗಿದ್ದರಿಂದ ವಸಂತ ಬರುವವರೆಗೂ ಅವರನ್ನು ಕಣಜದಲ್ಲಿ ಮಲಗಿಸಿಡಬೇಕಾಯಿತು. ಕಣಜ ಹೇಗೂ ಖಾಲಿಯೇ ಇತ್ತು. ಅದಾದ ಮೇಲೆ ಫೀನಾ ತನ್ನ ಬದುಕಿನಲ್ಲಿ ಒಂದು ತುತ್ತನ್ನೂ ಸುಮ್ಮನೆ ಚೆಲ್ಲಿದವಳಲ್ಲ. ಮೇಜಿನ ಮೇಲೆ ಬಿದ್ದ ರೊಟ್ಟಿಯ ಪುಡಿಯನ್ನು ಬೆರಳಿಗೆ ಅಂಟಿಸಿ ಬಾಯಿಗೆ ಹಾಕಿಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಅವಳ ಗಂಡ ಕುಸ್ತಾ ಚಕ್ರವರ್ತಿಯ ಫಿನ್ನಿಶ್ ಗಾರ್ಡ್ ಪಡೆಯಲ್ಲಿದ್ದವನು. ತುರ್ಕಿಯವರ ಮೇಲಿನ ಯುದ್ಧಕ್ಕೆ ಬಲ್ಗೇರಿಯದವರೆಗೆ ನಡೆದು ಹೋಗಿ, ಒಂದು ಪದಕವನ್ನೂ ಮುಗಿಯದ ಕೆಮ್ಮನ್ನೂ ಹೊತ್ತು ತಂದ. ಆ ಕಾಲಕ್ಕೆ ನಮ್ಮ ಫಿನ್ನಿಶ್ ನಾಡಿಗೆ ನಮ್ಮದೇ ಸೈನ್ಯ ಇತ್ತು. ಚಕ್ರವರ್ತಿ ರಷ್ಯದವನಾದರೂ ಸಿಪಾಯಿ, ಸುಬೇದಾರ, ಅಪ್ಪಣೆಯ ಮಾತು ಎಲ್ಲ ನಮ್ಮವೇ. ೧೮೮೩ರಲ್ಲಿ ಹೌಕಿಯೋಕಿಗೆ ಮೀಸಲು ಪಡೆಯ ಬ್ಯಾರಕ್ಕು ಬಂದಾಗ ಕುಸ್ತಾನಿಗೆ ಉಗ್ರಾಣದ ಕೆಲಸವೂ ಫೀನಾಳಿಗೆ ಅಡುಗೆಯ ಕೆಲಸವೂ, ಇಬ್ಬರಿಗೂ ಅಡುಗೆಮನೆಗೆ ಅಂಟಿದ ಒಂದು ಕೋಣೆಯೂ ಸಿಕ್ಕಿತು.

ಬೇಸಗೆಯಲ್ಲಿ ಸುತ್ತಲ ಹಳ್ಳಿಗಳ ಹುಡುಗರು ಬೆನ್ನಿಗೆ ಬರ್ಚ್ ತೊಗಟೆಯ ಬುತ್ತಿಚೀಲ ಕಟ್ಟಿಕೊಂಡು ತಾಲೀಮಿಗೆ ಬರುತ್ತಿದ್ದರು. ಒಂದು ಸರದಿಗೆ ಅರವತ್ತು ಜನ. ಗುರುವಾರ ಬಂತೆಂದರೆ ಬಟಾಣಿ ಸಾರು, ಉಪ್ಪು ಹಚ್ಚಿದ ಹಂದಿಮಾಂಸ ಹಾಕಿ. ಫೀನಾಳಿಗೆ ಬೈಬಲ್ಲು ಓದಲು ಬರುತ್ತಿತ್ತು, ಲೆಕ್ಕ ಬರುತ್ತಿರಲಿಲ್ಲ. ಕುಸ್ತಾ ಅರದಿಂದ ಕೊಪ್ಪರಿಗೆಯ ಒಳಗೋಡೆಗೆ ಒಂದು ಗೀರು ಹಾಕಿಕೊಟ್ಟ.

"ನೀರು ಈ ಗೀರು ಮುಟ್ಟಿದ್ರೆ ಅರವತ್ತು ಹೊಟ್ಟೆ. ಬಟಾಣಿ ಆ ನೆನೆಹಾಕೋ ತೊಟ್ಟಿಯ ಎರಡನೇ ಕಬ್ಬಿಣದ ಪಟ್ಟಿ ತನಕ. ಇಷ್ಟೇ ಲೆಕ್ಕ ನಿಂಗೆ."

"ಅರವತ್ತೊಂದನೆಯವನು ಬಂದ್ರೆ?"

"ಅವನು ನಾನೇ ಆಗಿರ್ತೀನಿ. ತಳ ಕೆರೆದು ಕೊಡು."

ಹದಿನೆಂಟು ಬೇಸಗೆ ಅವಳ ಕೈ ಅದೇ ಎರಡು ಅಳತೆಯನ್ನು ಹಿಡಿಯಿತು. ಪಡೆ ಜೌಗಿನಾಚೆಯ ಗುರಿಮೈದಾನಕ್ಕೆ ಗುಂಡು ಹೊಡೆಯಲು ಹೋದ ದಿನ ಕೊಪ್ಪರಿಗೆ ಗಾಡಿಯ ಮೇಲೇರಿ ಅಲ್ಲಿಗೇ ಹೋಗುತ್ತಿತ್ತು. ಗಾಡಿಗೆ ಕಟ್ಟುತ್ತಿದ್ದ ಕುದುರೆ ರುಸ್ಕೋ. ಅದಕ್ಕೆ ಲಗಾಮಿನ ಅಗತ್ಯವೇ ಇರಲಿಲ್ಲ. ಹಿಂದೆ ಸಾರಿನ ವಾಸನೆ ಬಂದರೆ ಸಾಕು, ಕವಲುದಾರಿಯಲ್ಲಿ ಎಡಕ್ಕೆ ತಿರುಗಿ ಜೌಗಿನ ದಾರಿ ಹಿಡಿಯುತ್ತಿತ್ತು. ಕುಸ್ತಾ ಕೆಮ್ಮಿ ಕೆಮ್ಮಿ ಸತ್ತ ಮೇಲೆ ಮಗ ಎಲ್ಯಾಸ್ ಗಾಡಿಯ ಮೂಕಿಯ ಮೇಲೆ ಕೂತು ಹೋಗುತ್ತಿದ್ದ. ಗುರಿಮೈದಾನದ ಅಂಚಿನ ಹುಲ್ಲಿನ ಕೊಟ್ಟಿಗೆಗಳು ಅವನ ಆಟದ ಜಾಗ.

ಎಲ್ಯಾಸನಿಗೆ ಇಪ್ಪತ್ತಾದಾಗ ಹೊಸ ಕಾನೂನು ಬಂತು. ನಮ್ಮ ಸೈನ್ಯ ಇನ್ನಿಲ್ಲ. ನಮ್ಮ ಹುಡುಗರು ಇನ್ನು ಮೇಲೆ ರಷ್ಯದ ಸೈನ್ಯಕ್ಕೆ ಸೇರಬೇಕು, ಅದು ಕಳಿಸಿದಲ್ಲಿಗೆ ಹೋಗಬೇಕು. ಕಾನೂನನ್ನು ಚರ್ಚಿನ ಪೀಠದಿಂದ ಓದಿ ಹೇಳುವುದು ನಮ್ಮಲ್ಲಿನ ರೂಢಿ. ಪಾದ್ರಿ ಒಲ್ಲದ ಮನಸ್ಸಿನಿಂದ ಕಾಗದ ಬಿಚ್ಚಿದ. ಮೊದಲ ಸಾಲು ಮುಗಿಯುವಷ್ಟರಲ್ಲಿ ಗಂಡಸರ ಸಾಲಿನಲ್ಲಿ ಒಬ್ಬ ಕೆಮ್ಮಿದ. ಇನ್ನೊಬ್ಬ ಕೆಮ್ಮಿದ. ಇಡೀ ಚರ್ಚು ಕೆಮ್ಮಿತು. ಕಡೆಗೆ ಯಾರೋ ಒಂದು ಸ್ತೋತ್ರ ಎತ್ತಿಕೊಂಡರು. ಪಾದ್ರಿಯ ತುಟಿ ಅಲುಗುತ್ತಿದ್ದದ್ದು ಕಾಣುತ್ತಿತ್ತೇ ಹೊರತು ಒಂದು ಮಾತೂ ಕೇಳಿಸಲಿಲ್ಲ. ಫೀನಕ್ಕನೂ ಹಾಡಿದಳು. ಹಾಡುತ್ತಲೇ ಅವಳಿಗೆ ತನ್ನ ಗಂಡನ ಕೆಮ್ಮು ನೆನಪಾಯಿತಂತೆ.

ಆ ಚಳಿಗಾಲದಲ್ಲಿ ಬ್ಯಾರಕ್ಕು ಬರಿದಾಯಿತು. ಕೊಪ್ಪರಿಗೆಯನ್ನು ಬೂದಿಯಿಂದ ತಿಕ್ಕಿ ಬೋರಲು ಹಾಕಿದಳು. ಊರಿನ ಹುಡುಗರು, ಒಟ್ಟು ಮೂವತ್ತೆಂಟು ಹೆಸರು, ರಷ್ಯದ ಸೈನ್ಯದ ಭರ್ತಿಗೆ ಯಾರೂ ಹೋಗಬಾರದೆಂದು ತಮ್ಮೊಳಗೇ ಮಾತಾಡಿಕೊಂಡರು. ಮೇ ತಿಂಗಳ ಒಂದು ಮಂಗಳವಾರ ಠಾಣೇದಾರ ಫಾಲ್ಕ್ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಕೆಟ್ಟವನಲ್ಲ, ಹೆದರುಪುಕ್ಕಲ.

"ಫೀನಮ್ಮ, ಗುರುವಾರ ಭರ್ತಿ ಮಂಡಳಿ ಬರುತ್ತೆ. ಇಲ್ಲೇ ಕೂರ್ತಾರೆ. ಐದು ಜನಕ್ಕೆ ಊಟ ಆಗ್ಬೇಕು."

"ರಷ್ಯದ ಕುದುರೆ ಸಿಪಾಯಿಗಳು, ಆ ಕಜ್ಜಾಕರು?"

"ನಾಲ್ಕು ಜನ ಸವಾರರು. ಅವರ ಬುತ್ತಿ ಅವರೇ ತರ್ತಾರೆ."

"ನಾನು ಮಾಡಲ್ಲ ಅಂದ್ರೆ?"

ಫಾಲ್ಕ್ ಅವಳ ಕೋಣೆಯ ಕಡೆ ನೋಡಿದ. ಮಂಚ, ಕುಸ್ತಾನ ಪದಕ, ಎಲ್ಯಾಸನ ಸ್ಕೀ ಹಲಗೆಗಳು. "ಈ ಕೋಣೆ ಸರ್ಕಾರದ್ದಲ್ವಾ ಫೀನಮ್ಮ. ನನ್ನ ಬಾಯಿಂದ ಹೇಳಿಸ್ಬೇಡ."

ಬುಧವಾರ ಬೆಳಗ್ಗೆ ಎಲ್ಯಾಸ್ ಕೊಡಲಿಯನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟ.

"ಎಲ್ಲಿಗೆ ಅಂತ ಕೇಳ್ಬೇಡಮ್ಮ. ಗೊತ್ತಿಲ್ದೇ ಇದ್ರೆ ಸುಳ್ಳು ಹೇಳೋ ಕಷ್ಟ ನಿಂಗಿಲ್ಲ."

"ತಿನ್ನೋಕೆ?"

"ರೊಟ್ಟಿ ಇದೆ. ನೀನು ಮಾತ್ರ ನಮಗೆ ಅಂತ ಏನೂ ಮಾಡೋಕೆ ಹೋಗ್ಬೇಡ. ಏನಂದ್ರೆ ಏನೂ ಬೇಡ. ಮಾತು ಕೊಡು."

ಅವಳು ಮಾತು ಕೊಟ್ಟಳು. ಕೊಟ್ಟ ಮಾತಿಗೆ ತಪ್ಪಲೂ ಇಲ್ಲ. ಅಂದು ಸಂಜೆ ಅವಳು ಬಟಾಣಿ ನೆನೆಹಾಕಿದ್ದು ಮಂಡಳಿಯ ಐದು ಜನಕ್ಕೆ. ಆದರೆ ಕಣ್ಣೆದುರು ಮೂಕಿಯ ಮೇಲೆ ಕೂತ ಹುಡುಗ ಎಲ್ಯಾಸ್ ಇದ್ದ, ಕಿವಿಯಲ್ಲಿ ಫಾಲ್ಕನ ಮಾತಿತ್ತು, ಮತ್ತು ಹೊರಗೆ ಹಿಮ ಕರಗಿ ತಾಲೀಮಿನ ಕಾಲದ ಅದೇ ಒದ್ದೆ ಮಣ್ಣಿನ ವಾಸನೆ ಬರುತ್ತಿತ್ತು. ಕೈ ತನ್ನ ಪಾಡಿಗೆ ತಾನು ಚೀಲದಿಂದ ಸುರಿಯಿತು. ಬೆಳಗ್ಗೆ ಎದ್ದು ನೋಡುತ್ತಾಳೆ, ತೊಟ್ಟಿಯ ತುಂಬ ಬಟಾಣಿ ಊದಿಕೊಂಡು ಅಂಚಿಗೆ ಬಂದು ನಿಂತಿದೆ. ರಾತ್ರಿ ಹಾಕಿದ್ದು ಎರಡನೆಯ ಪಟ್ಟಿಯ ಅಳತೆ. ಅರವತ್ತು ಜನದ ಬಟಾಣಿ.

ಅವಳು ಬಹಳ ಹೊತ್ತು ತೊಟ್ಟಿಯ ಮುಂದೆ ನಿಂತಿದ್ದಳಂತೆ. ಇಷ್ಟನ್ನೂ ಸಗಣಿಗುಂಡಿಗೆ ಹಾಕಿ ಮೇಲೊಂದಿಷ್ಟು ಹುಲ್ಲು ಮುಚ್ಚಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ಬಕೀಟು ತುಂಬಿ ಬಾಗಿಲವರೆಗೂ ಹೋದಳು. ಹೊಸ್ತಿಲಲ್ಲಿ ನಿಂತವಳಿಗೆ ಹತ್ತನೆಯ ವಯಸ್ಸಿನ ಆ ಖಾಲಿ ಕಣಜ ಕಣ್ಣಿಗೆ ಕಟ್ಟಿತು. ಬಕೀಟುಗಳನ್ನು ಹಿಂದಕ್ಕೆ ತಂದು ಕೊಪ್ಪರಿಗೆಗೆ ಸುರಿದಳು. ಗೀರು ಮುಟ್ಟುವವರೆಗೆ ನೀರು ಹಾಕಿ ಒಲೆ ಹೊತ್ತಿಸಿದಳು. ಸಂಜೆ ಊರಿನ ಬಡವರಿಗೆ ಹಂಚಿದರಾಯಿತು ಎಂದುಕೊಂಡಳು.

ಮಂಡಳಿ ಒಂಬತ್ತು ಗಂಟೆಗೆ ಅಂಗಳದಲ್ಲಿ ಮೇಜು ಹಾಕಿ ಕೂತಿತು. ಕ್ಯಾಪ್ಟನ್ ಒಬ್ಬ, ಡಾಕ್ಟರ್ ಒಬ್ಬ, ಇಬ್ಬರು ಬರೆಯುವವರು, ಫಾಲ್ಕ್. ಕ್ಯಾಪ್ಟನ್ ತೆಳ್ಳಗೆ, ಎತ್ತರಕ್ಕೆ ಇದ್ದ. ಎಂದೂ ದನಿ ಏರಿಸುತ್ತಿರಲಿಲ್ಲ. ಫಾಲ್ಕ್ ಪಟ್ಟಿ ಹಿಡಿದು ಒಂದೊಂದೇ ಹೆಸರು ಕೂಗಿದ. ಅಂಗಳದಲ್ಲಿ ಕಾಗೆಗಳಿದ್ದವು. ಪ್ರತಿ ಹೆಸರಿನ ನಂತರವೂ ಕ್ಯಾಪ್ಟನ್ ಗಡಿಯಾರ ನೋಡಿ ಒಂದು ನಿಮಿಷ ಪೂರ್ತಿ ಕಾದ. ಮೂವತ್ತೆಂಟು ಹೆಸರು, ಮೂವತ್ತೆಂಟು ನಿಮಿಷ. ಬಂದವನು ಒಬ್ಬನೇ, ಪಟ್ಟಿಯಲ್ಲೇ ಇಲ್ಲದವನು: ಬುಟ್ಟಿ ಹೆಣೆಯುವ ಕುರುಡ ಮಾನು. ಕೋಲು ಕುಟ್ಟುತ್ತ ಮೇಜಿನ ಮುಂದೆ ಬಂದು ಸೆಟೆದು ನಿಂತ.

"ನಾನು ತಯಾರು ಸ್ವಾಮಿ! ಯಾರ ಕಡೆ ಗುಂಡು ಹೊಡೀಬೇಕು ಅಂತ ಕೈ ಹಿಡಿದು ತಿರುಗಿಸೋಕೆ ಒಬ್ಬ ಆಳು ಕೊಡಿ ಸಾಕು. ತಪ್ಪಿ ನಿಮ್ಮ ಕಡೆ ತಿರುಗಿದ್ರೆ ಬೇಜಾರು ಮಾಡ್ಕೋಬೇಡಿ!"

ಬೇಲಿಯಾಚೆ ಹೆಂಗಸರು ಕಿಸಕ್ಕನೆ ನಕ್ಕರು. ಫಾಲ್ಕ್ ಆ ಮಾತನ್ನು ರಷ್ಯನ್ನಿಗೆ ತಿರುಗಿಸಲು ತಡವರಿಸಿದ. ಕ್ಯಾಪ್ಟನ್ ಕೇಳಿ ಮುಗುಳ್ನಕ್ಕು, ಮಾನುವಿಗೆ ಕೂರಲು ಒಂದು ಕುರ್ಚಿ ಹಾಕಿಸಿದ. ನಗುತ್ತಿದ್ದ ಹೆಂಗಸರು ಅದನ್ನು ನೋಡಿ ಬೇಲಿಯಿಂದ ಹಿಂದಕ್ಕೆ ಸರಿದರು.

ಹನ್ನೊಂದು ಗಂಟೆಗೆ ಕ್ಯಾಪ್ಟನ್ ತಾನೇ ಅಡುಗೆಮನೆಗೆ ಬಂದ. ಕೈಗವಸು ಬಿಚ್ಚಿ ಕೊಪ್ಪರಿಗೆಯ ಮುಚ್ಚಳ ಎತ್ತಿದ. ಆವಿ ಅವನ ಮುಖ ಮುಚ್ಚಿತು. ಆವಿ ಸರಿದ ಮೇಲೂ ಅವನು ಒಳಗೇ ನೋಡುತ್ತಿದ್ದ.

"ಐದು ಜನಕ್ಕೆ ಇಷ್ಟು ಯಾಕೆ ಅಂತ ಕೇಳ್ತಾರೆ," ಎಂದ ಫಾಲ್ಕ್. ಅವನ ಮುಖ ಬಿಳಿಚಿತ್ತು.

"ಕೈತಪ್ಪು ಸ್ವಾಮಿ. ಪಡೆ ಇದ್ದಾಗಿನ ಅಭ್ಯಾಸ. ಗೀರು ನೋಡಿ, ನನ್ನ ಗಂಡ ಹಾಕಿದ್ದು. ನಂಗೆ ಬೇರೆ ಅಳತೆ ಗೊತ್ತಿಲ್ಲ."

"ನೆನೆದದ್ದು ನೋಡಿದಾಗ ತೆಗೀಬಹುದಾಗಿತ್ತಲ್ಲ, ಅಂತಾರೆ."

"ತೆಗೆದು ಏನು ಮಾಡ್ಲಿ? ಚೆಲ್ಲೋದಾ?"

ಫಾಲ್ಕನಿಗೆ ಅದು ಅರ್ಥವಾಯಿತು. ಅವನ ಮನೆಯಲ್ಲೂ ಆ ಹಸಿವಿನ ವರ್ಷ ಸತ್ತವರಿದ್ದರು. ಆದರೆ ಅದನ್ನು ರಷ್ಯನ್ನಿನಲ್ಲಿ ಹೇಗೆ ಹೇಳುವುದೆಂದು ಅವನಿಗೆ ತಿಳಿಯಲಿಲ್ಲ. ಕ್ಯಾಪ್ಟನ್ ಒಂದು ಬಟ್ಟಲು ಹಾಕಿಸಿಕೊಂಡು ಅಲ್ಲೇ ನಿಂತು ಉಂಡ. ಎರಡನೆಯದನ್ನೂ ಕೇಳಿ ಉಂಡ. ಬಾಯಿ ಒರೆಸಿಕೊಂಡು ಮೆಲ್ಲಗೆ ಏನೋ ಹೇಳಿದ.

"ಬಹಳ ಚೆನ್ನಾಗಿದೆ ಅಂತಾರೆ," ಫಾಲ್ಕನ ದನಿ ಕೆಳಗಿಳಿಯಿತು. "ಮೂವತ್ತೆಂಟು ಜನ ಹಸಿದಿರ್ತಾರೆ. ಆರೋಕೆ ಮುಂಚೆ ತಗೊಂಡು ಹೋಗು ಅಂತಾರೆ."

"ಎಲ್ಲಿಗೆ? ದೇವರಾಣೆ ನಂಗೆ ಗೊತ್ತಿಲ್ಲ!"

ಅದು ನಿಜವೇ ಆಗಿತ್ತು. ಕ್ಯಾಪ್ಟನ್ ಆ ಮಾತನ್ನು ಕೇಳಿ ತಲೆ ಆಡಿಸಿದ, ನಂಬಿದವನಂತೆಯೇ. ಆಮೇಲೆ ಕಿಟಕಿಯಿಂದ ಹೊರಗೆ, ಲಾಯದಲ್ಲಿ ತಲೆ ತೂಗುತ್ತಿದ್ದ ಮುದಿ ರುಸ್ಕೋವನ್ನು ನೋಡಿದ. ಗೋಡೆಗೆ ಆನಿಸಿದ್ದ, ಕೊಪ್ಪರಿಗೆ ಕೂರಲೆಂದೇ ಗುಂಡಗೆ ಕೊರೆದ ಹಲಗೆಯ ಗಾಡಿಯನ್ನೂ ನೋಡಿದ.

"ನಿಂಗೆ ಗೊತ್ತಿಲ್ದೇ ಇರಬಹುದು," ಎಂದು ಫಾಲ್ಕ್ ಭಾಷಾಂತರಿಸಿದ. "ಕುದುರೆಗೆ ಗೊತ್ತಿರುತ್ತೆ, ಅಂತಾರೆ."

ಕಜ್ಜಾಕರು ಕೊಪ್ಪರಿಗೆಯನ್ನು ಗಾಡಿಗೆ ಏರಿಸಿದರು. ಫೀನಕ್ಕನನ್ನು ಪಕ್ಕದಲ್ಲಿ ಕೂರಿಸಿದರು. ಲಗಾಮನ್ನು ರುಸ್ಕೋನ ಕೊರಳಿಗೆ ಸಡಿಲವಾಗಿ ಸುತ್ತಿಬಿಟ್ಟರು. ಗಾಡಿ ಹೊರಟಿತು, ಹಿಂದೆ ಐವತ್ತು ಹೆಜ್ಜೆ ಬಿಟ್ಟು ಕ್ಯಾಪ್ಟನ್, ಅವನ ಹಿಂದೆ ನಾಲ್ವರು ಸವಾರರು. ಊರಿನ ಹೆಂಗಸರು ಬೇಲಿಗಳ ಬಳಿ ನಿಂತು ನೋಡಿದರು. ಒಬ್ಬಳು ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡಳು. ಯಾರೂ ಕೂಗಲಿಲ್ಲ, ಕೂಗಿದರೆ ಕೂಗಿದವಳ ಮಗ ಎಲ್ಲಿದ್ದಾನೆಂದು ಕೇಳುತ್ತಿದ್ದರು.

ಚರ್ಚು ದಾಟಿತು, ಗಿರಣಿ ದಾಟಿತು. ಕವಲುದಾರಿ ಬಂತು. ಬಲಕ್ಕೆ ಕೆರೆ, ಎಡಕ್ಕೆ ಜೌಗು. ರುಸ್ಕೋ ಮೂಗು ಅರಳಿಸಿ ಹಿಂದಿನ ಸಾರಿನ ವಾಸನೆ ಎಳೆದುಕೊಂಡು ಎಡಕ್ಕೆ ತಿರುಗಿತು. ಆ ತಿರುವಿನಲ್ಲಿ ಫೀನಕ್ಕನಿಗೆ ಒಮ್ಮೆಗೇ ಎಲ್ಲ ಹೊಳೆಯಿತು. ಗುರಿಮೈದಾನದ ಹುಲ್ಲಿನ ಕೊಟ್ಟಿಗೆಗಳು. ಎಲ್ಯಾಸ್ ಅಡಗಬೇಕೆಂದರೆ ಮತ್ತೆಲ್ಲಿ ಅಡಗುತ್ತಾನೆ? ಬಚ್ಚಿಟ್ಟುಕೊಳ್ಳುವ ಆಟಕ್ಕೆ ಅವನಿಗೆ ಗೊತ್ತಿದ್ದದ್ದು ಅದೊಂದೇ ಜಾಗ.

ಲಗಾಮು ಕೈಗೆ ಎಟುಕುತ್ತಿರಲಿಲ್ಲ. ಕೊಟ್ಟಿಗೆಗಳಿಗೆ ಇನ್ನು ಒಂದು ಮೈಲಿಯೂ ಇರಲಿಲ್ಲ. ಅವಳು ಎದ್ದು ನಿಂತಳು, ಕೊಪ್ಪರಿಗೆಗೆ ಬೆನ್ನು ಕೊಟ್ಟಳು, ಗಾಡಿಯ ಅಡ್ಡಹಲಗೆಗೆ ಕಾಲು ಒತ್ತಿ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ನೂಕಿದಳು. ಒಂದು ರೊಟ್ಟಿಯ ಪುಡಿಯನ್ನೂ ಚೆಲ್ಲದ ಹೆಂಗಸು ಅರವತ್ತು ಜನದ ಅನ್ನವನ್ನು ದಾರಿಗೆ ಉರುಳಿಸಿದಳು. ತಾಮ್ರ ಬಂಡೆಗೆ ಬಡಿದ ಸದ್ದು ಜೌಗಿನ ಉದ್ದಕ್ಕೂ ಹರಿಯಿತು. ಇನ್ನೂ ಸುಡುತ್ತಿದ್ದ ಸಾರು ಅವಳ ಎಡಗಾಲಿನ ಮೇಲೆ ಬಿತ್ತು. ಅವಳು ಕಿರುಚಿದಳು. ತಡೆಯಬೇಕೆಂದಿದ್ದಳು, ಆಗಲಿಲ್ಲ.

ಕೊಟ್ಟಿಗೆಗಳಲ್ಲಿದ್ದ ಮೂವತ್ತೆಂಟು ಹುಡುಗರಲ್ಲಿ ಮೂವತ್ತೇಳು ಜನ ತಾಮ್ರದ ಸದ್ದು ಕೇಳಿ ಕಾಡಿನೊಳಕ್ಕೆ ಓಡಿದರು. ಕಜ್ಜಾಕರು ಅಲ್ಲಿಗೆ ತಲುಪಿದಾಗ ಬೆಚ್ಚಗಿನ ಹುಲ್ಲು, ಅರ್ಧ ಆಡಿಬಿಟ್ಟ ಇಸ್ಪೀಟು ಎಲೆ, ಇಷ್ಟೇ ಸಿಕ್ಕಿದ್ದು. ಒಬ್ಬ ಮಾತ್ರ ಓಡಲಿಲ್ಲ. ಕಿರುಚಿದ ದನಿ ಯಾರದೆಂದು ಅವನಿಗೆ ಗೊತ್ತಿತ್ತು. ಜೌಗಿನ ನೀರನ್ನು ಹಾರಿ, ಬಿದ್ದು, ಎದ್ದು, ನೇರವಾಗಿ ಸದ್ದು ಬಂದ ಕಡೆಗೇ ಬಂದ.

"ಅಮ್ಮಾ! ಕಾಲು ತೋರ್ಸು! ಕಾಲು ತೋರ್ಸಮ್ಮ!"

"ಓಡೋ! ಹಿಂದೆ ನೋಡೋ ಮುಠ್ಠಾಳ! ಓಡು!"

"ಕಾಲುಚೀಲ ಅಂಟ್ಕೊಂಡಿದೆ. ಸುಮ್ನಿರು, ಅಲುಗಾಡ್ಬೇಡ."

ಕ್ಯಾಪ್ಟನ್ ಕುದುರೆ ನಿಲ್ಲಿಸಿ ನೋಡುತ್ತಿದ್ದ. ಎಲ್ಯಾಸ್ ತನ್ನ ಟೋಪಿಯಲ್ಲಿ ತಣ್ಣೀರು ತುಂಬಿ ತುಂಬಿ ತಂದು ಅಮ್ಮನ ಕಾಲಿಗೆ ಹಾಕಿದ. ಐದು ಸಲ, ಹತ್ತು ಸಲ. ಕ್ಯಾಪ್ಟನ್ ಅವಸರಪಡಲಿಲ್ಲ. ಅಂಗಿಯ ತೋಳು ಹರಿದು ಗಾಯಕ್ಕೆ ಕಟ್ಟುವವರೆಗೂ ಕಾದ. ಅಮ್ಮನನ್ನು ಗಾಡಿಗೆ ಎತ್ತಿ ಕೂರಿಸುವವರೆಗೂ ಕಾದ. ಆಮೇಲೆ ಜೇಬಿನಿಂದ ಪಟ್ಟಿ ತೆಗೆದು, ತನಗೆ ಬಾರದ ಭಾಷೆಯ ಹೆಸರನ್ನು ಮೆಲ್ಲಗೆ, ತಪ್ಪಿಲ್ಲದೆ ಓದಿದ.

"ಎಲ್ಯಾಸ್, ಕುಸ್ತಾನ ಮಗ?"

ಎಲ್ಯಾಸನನ್ನು ಹೆಲ್ಸಿಂಕಿಗೆ, ರಷ್ಯದವರು ಮುಚ್ಚದೆ ಉಳಿಸಿಕೊಂಡಿದ್ದ, ಅವನ ಅಪ್ಪನಿದ್ದ ಅದೇ ಗಾರ್ಡ್ ಪಡೆಗೆ ಕರೆದೊಯ್ದರು. ಎಲ್ಲಿಗೆ ಕಳಿಸುತ್ತಾರೋ, ಯಾವ ಯುದ್ಧಕ್ಕೆ ನೂಕುತ್ತಾರೋ ಎಂದು ಫೀನಕ್ಕ ಮೂರು ವರ್ಷ ಅಂಚೆಯವನ ಹೆಜ್ಜೆಗೆ ಕಿವಿ ಕೊಟ್ಟು ಕೂತಳು. ಊರಿನವರ ನಡತೆ ವಿಚಿತ್ರವಾಗಿತ್ತು. ಹುಡುಗರು ಉಳಿದದ್ದು ಅವಳು ಕೊಪ್ಪರಿಗೆ ಉರುಳಿಸಿದ್ದರಿಂದ. ಹುಡುಗರಿಗೆ ಅಪಾಯ ಬಂದದ್ದು ಅವಳು ಕೊಪ್ಪರಿಗೆ ತುಂಬಿಸಿದ್ದರಿಂದ. ಜನ ಅವಳ ಬಾಗಿಲಲ್ಲಿ ಹಾಲಿನ ತಂಬಿಗೆ ಇಟ್ಟುಹೋಗುತ್ತಿದ್ದರು, ಚರ್ಚಿನಲ್ಲಿ ಅವಳ ಬೆಂಚಿನಲ್ಲಿ ಮಾತ್ರ ಕೂರುತ್ತಿರಲಿಲ್ಲ.

೧೯೦೫ರಲ್ಲಿ ಗಾರ್ಡ್ ಪಡೆಯನ್ನೇ ಮುಚ್ಚಿದರು. ಎಲ್ಯಾಸ್ ಊರಿಗೆ ಬಂದ, ಕೈಕಾಲು ನೆಟ್ಟಗೇ ಇದ್ದವು. ಆದರೆ ಹೌಕಿಯೋಕಿಯಲ್ಲಿ ಚಕ್ರವರ್ತಿಯ ಕೋಟು ತೊಟ್ಟವನು ಆ ಮೂವತ್ತೆಂಟರಲ್ಲಿ ಅವನೊಬ್ಬನೇ. ಕಾಡಿಗೆ ಓಡಿದವರು ಈಗ ವೀರರಾಗಿದ್ದರು. ಮರದ ಮಿಲ್ಲಿನ ಮುಂದೆ ನಿಂತು ಅವನನ್ನು ಕೆಣಕುತ್ತಿದ್ದರು.

"ಏನಪ್ಪ ಗಾರ್ಡು, ಚಕ್ರವರ್ತಿ ಮನೆ ಸಾರಿಗೆ ಉಪ್ಪು ಸರಿಯಾಗಿತ್ತಾ?"

"ನಿಮ್ಮಮ್ಮನ ಕೈಯದಷ್ಟು ಚೆನ್ನಾಗಿರ್ಲಿಲ್ಲ ಬಿಡು!" ಎಂದು ಅವರಲ್ಲೇ ಇನ್ನೊಬ್ಬ ಸೇರಿಸುತ್ತಿದ್ದ.

ಮದುವೆಗೆ ಮಾತಾಗಿದ್ದ ಹುಡುಗಿಯ ಅಣ್ಣ ಆ ಮೂವತ್ತೇಳರಲ್ಲಿ ಒಬ್ಬ. ಅವನು ತಂಗಿಯನ್ನು ಕೊಡಲು ಒಪ್ಪಲಿಲ್ಲ. ಎಲ್ಯಾಸ್ ಬ್ಯಾರಕ್ಕಿನ ಕೋಣೆಯಿಂದ ತನ್ನ ಸ್ಕೀ ಹಲಗೆಗಳನ್ನು ತೆಗೆದುಕೊಂಡು ಹೋಗಲು ಬಂದ. ಹೊಸ್ತಿಲ ಆಚೆಯೇ ನಿಂತಿದ್ದ. ಹೊರಡುವಾಗ ಒಂದೇ ಮಾತು ಹೇಳಿದ.

"ಆಮೇಲೆ ಚೆಲ್ಲಿದ್ದನ್ನ ಬೆಳಗ್ಗೇನೇ ಚೆಲ್ಲಬಹುದಿತ್ತಮ್ಮ."

ಅವನು ಕೆರೆಯಾಚೆ ಹೋಗಿ ದೋಣಿ ಕಟ್ಟಿ ಬದುಕಿದ, ಆಚೆ ಊರಿನವಳನ್ನು ಮದುವೆಯಾದ, ಆರ್ಮಾಸ್ ಎಂಬ ಮಗ ಹುಟ್ಟಿದ. ಕ್ರಿಸ್‌ಮಸ್ಸಿಗೆ ಅಮ್ಮನಿಗೆ ಮೀನು ಕಳಿಸುತ್ತಿದ್ದ. ಅವಳ ಅಡುಗೆಮನೆಗೆ ಮಾತ್ರ ಕಾಲಿಡಲಿಲ್ಲ. ನಾನು ಕಂಡ ಫೀನಕ್ಕ, ಬಟ್ಟಲು ಎಣಿಸುವ, ಬಟಾಣಿಯನ್ನು ಹಿಡಿ ಹಿಡಿಯಾಗಿ ಅಳೆಯುವ ಫೀನಕ್ಕ, ಆ ಮಾತು ಕೇಳಿದ ಮರುವರ್ಷದವಳು. ನನ್ನ ಮೊದಲ ತರಗತಿಯ ಮಕ್ಕಳ ಹಿಂದಿನ ಬೆಂಚಿನಲ್ಲಿ ಕೂತು ಅವಳು ಕೂಡುವುದು ಕಳೆಯುವುದು ಕಲಿತಳು. ಅಷ್ಟು ಶ್ರದ್ಧೆಯ ವಿದ್ಯಾರ್ಥಿಯನ್ನು ನಾನು ಮತ್ತೆ ನೋಡಲಿಲ್ಲ. ಚಕ್ರವರ್ತಿ ಹೋದ, ನಮ್ಮದೇ ಧ್ವಜ ಬಂತು, ನನಗೆ ತಲೆ ನೆರೆತು ನಿವೃತ್ತಿಯೂ ಆಯಿತು. ಕೊಪ್ಪರಿಗೆ ಬೋರಲಾಗಿಯೇ ಇತ್ತು.

ಈಗ ೧೯೩೯. ಅಕ್ಟೋಬರಿನಲ್ಲಿ ಹೆಚ್ಚುವರಿ ತಾಲೀಮು ಎಂಬ ಹೆಸರಿನಲ್ಲಿ ಮೀಸಲಿನವರನ್ನು ಕರೆಸಿದರು. ಪೂರ್ವದ ನೆರೆಯವನು, ಅದೇ ರಷ್ಯದವನು, ಯಾವ ನೆಲ ಕೇಳುತ್ತಿದ್ದಾನೆಂದು ರೇಡಿಯೊ ಹೇಳುತ್ತಿತ್ತು, ಕೇಳಿದವರು ಎದ್ದು ರೇಡಿಯೊ ಆರಿಸುತ್ತಿದ್ದರು. ಶಾಲೆ ಮುಚ್ಚಿತು. ನಾನು ನಕಾಶೆಗಳನ್ನು ಸುತ್ತಿಡಲು ಹೋದಾಗ ನನ್ನದೇ ಹಳೆಯ ವಿದ್ಯಾರ್ಥಿಗಳು ತಾವು ಕೂತು ಕಲಿತ ಕೋಣೆಯ ನೆಲದ ಮೇಲೆ ಹುಲ್ಲು ಹಾಸುತ್ತಿದ್ದರು. ಅವರ ನಡುವೆ ಕೆರೆಯಾಚೆಯಿಂದ ಬಂದ ಆರ್ಮಾಸನೂ ಇದ್ದ. ಎಂಬತ್ತೊಂದರ ಫೀನಕ್ಕ ಕೋಲೂರಿಕೊಂಡು ಅಂಗಳಕ್ಕೆ ಬಂದಳು.

"ಎಷ್ಟು ಜನ?"

"ಅರವತ್ತೆರಡು, ಅಜ್ಜಿ. ನಾಳೆ ಎಷ್ಟಾಗ್ತೀವೋ ಗೊತ್ತಿಲ್ಲ," ಎಂದ ಆರ್ಮಾಸ್.

ಅವಳು ಕೊಪ್ಪರಿಗೆಯನ್ನು ಮಗುಚಿಸಿ ನಿಲ್ಲಿಸಿದಳು. ಮರಳಿನಿಂದ ತಿಕ್ಕಿದಾಗ ಗೀರು ಹೊಳೆಯಿತು. ನಾಲ್ಕು ಗುರುವಾರ ಗೀರಿನ ತನಕ ನೀರು, ಮೇಲೆ ಎರಡು ಸೌಟು.

ಐದನೆಯ ವಾರ, ಬುಧವಾರ ಸಂಜೆ, ಬಟಾಣಿ ನೆನೆಹಾಕಿ ಒಂದು ಗಂಟೆಯಾಗಿರಲಿಲ್ಲ, ಪಡೆಗೆ ಅಪ್ಪಣೆ ಬಂತು. ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿತ್ತು. ಅರವತ್ತೆರಡು ಜನವೂ ಪೂರ್ವದ ಗಡಿಗೆ ಹೋದರು. ಆರ್ಮಾಸ್ ರೈಲಿನ ಕಿಟಕಿಯಿಂದ ಕೈ ಬೀಸಿ, "ಅಜ್ಜಿ, ನನ್ನ ಬಟ್ಟಲು ಇಟ್ಟಿರು!" ಎಂದು ಕೂಗಿದನಂತೆ.

ಗುರುವಾರ ಬೆಳಗ್ಗೆ ನಾನು ಅವಳನ್ನು ನೋಡಲು ಹೋದೆ. ತೊಟ್ಟಿಯ ಅಂಚಿನವರೆಗೂ ಬಟಾಣಿ ಊದಿ ನಿಂತಿತ್ತು. ಅವಳು ಅದರ ಮುಂದೆ ಬಕೀಟು ಹಿಡಿದು ನಿಂತಿದ್ದಳು. ಹಿಂದೆ ಬಾಗಿಲು ಕಿರುಗುಟ್ಟಿತು. ಎಲ್ಯಾಸ್ ಬಂದಿದ್ದ. ಐವತ್ತೆಂಟರ ಗಂಡಸು, ಕೈಯಲ್ಲಿ ಟೋಪಿ, ಹೊಸ್ತಿಲಲ್ಲಿ ನಿಂತು ತೊಟ್ಟಿಯನ್ನೂ ಬಕೀಟನ್ನೂ ನೋಡಿದ.

"ಹೊರಗೆ ಹಾಕ್ತೀನಿ ಕಣೋ," ಎಂದಳು ಅವಳು. "ಈ ಸಲ ಬೆಳಗ್ಗೇನೇ ಹಾಕ್ತೀನಿ."

ಎಲ್ಯಾಸ್ ಹೊಸ್ತಿಲು ದಾಟಿ ಬಂದು ಬಕೀಟನ್ನು ಅವಳ ಕೈಯಿಂದ ತೆಗೆದುಕೊಂಡ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ.

"ಬೇಡಮ್ಮ. ಬೇಯಿಸು. ನಾನು ಗಾಡಿ ಕಟ್ತೀನಿ."

ಈಗ ಪ್ರತಿ ಗುರುವಾರ ಆ ಗಾಡಿ ಹೊರಡುತ್ತದೆ. ಮಗನೋ ಗಂಡನೋ ಗಡಿಗೆ ಹೋಗಿರುವ ಮನೆಗಳ ಮುಂದೆ ನಿಲ್ಲುತ್ತದೆ. ಹೆಂಗಸರು ಬಟ್ಟಲು ತಂದು ಹಾಕಿಸಿಕೊಳ್ಳುತ್ತಾರೆ. ಫೀನಕ್ಕ ಬಟ್ಟಲು ಎಣಿಸುವುದನ್ನು ಬಿಟ್ಟಿದ್ದಾಳೆ. ಕೆರೆಯ ಅಂಚಿನಲ್ಲಿ ಹಿಮ ಕಟ್ಟತೊಡಗಿದೆ, ಈ ವಾರ ಗಡಿಯಿಂದ ಯಾರಿಗೂ ಕಾಗದ ಬಂದಿಲ್ಲ. ಕವಲುದಾರಿ ಬಂದಾಗ ಎಲ್ಯಾಸ್ ಲಗಾಮನ್ನು ಬಿಗಿಯಾಗಿ ಹಿಡಿಯುತ್ತಾನೆ. ಅವಳು ಪಕ್ಕದಲ್ಲಿ ಕೂತು ಕೊಪ್ಪರಿಗೆಯ ಮುಚ್ಚಳವನ್ನು ಎರಡು ಕೈಯಿಂದ ಒತ್ತಿಕೊಂಡಿರುತ್ತಾಳೆ.